ಬೂದಿ ಕೊಡುವ ಅಕ್ಕೋರು

ಹೋದ ವಾರ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದೆ. ಒಬ್ಬ ಹೆಣ್ಣುಮಗಳು ಗೇಟಿನಾಚೆ ನಿಂತು ಒಳಗೆ ಇಣುಕಿದಳು. ಬಗಲಲ್ಲಿ ಸಣ್ಣ ಕೂಸು, ಅದರ ತಲೆಗೆ ಉಲ್ಲನ್ ಟೋಪಿ. ಮೆಣಸಗಿಯಿಂದ ಮೊದಲ ಬಸ್ಸಿಗೆ ಬಂದೆ ಎಂದಳು. ಆಮೇಲೆ ದನಿ ತಗ್ಗಿಸಿ, "ಬೂದಿ ಕೊಡೋ ಅಕ್ಕೋರ ಮನಿ ಯಾವುದ್ರಿ?" ಎಂದು ಕೇಳಿದಳು.

ನಾನು ಪಕ್ಕದ ಮನೆಯ ಕಡೆ ಕೈ ಎತ್ತಿದವಳು ಅರ್ಧಕ್ಕೇ ಇಳಿಸಿದೆ. ಆ ಬಾಗಿಲಿಗೆ ಚಳಿಗಾಲದಿಂದ ಬೀಗ ಬಿದ್ದಿದೆ. ಅಕ್ಕೋರು ಹೋದರು ಎನ್ನುವುದು ಬಾಯಿಗೆ ಇನ್ನೂ ರೂಢಿಯಾಗಿಲ್ಲ. ಒಳಗೆ ಬಾ, ನೀರು ಕುಡಿ ಎಂದು ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ತರಲು ಹೋದೆ. ಅಡುಗೆಮನೆಯಲ್ಲಿ ತಂಬಿಗೆ ಹಿಡಿದು ನಿಂತಾಗ ಅನ್ನಿಸಿತು, ಈ ಹೆಸರು ಕೇಳಿದ್ದರೆ ಅವರು ಎಷ್ಟು ಸಿಟ್ಟಾಗುತ್ತಿದ್ದರು!

ಅವರು ರೋಣದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೆ ಓಣಿಯಲ್ಲಿ ಬರೇ ಅಕ್ಕೋರು ಎಂದರೆ ಇವರೊಬ್ಬರೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ತಮ್ಮ ಒಂದು ಚಿತ್ರದ ಕೆಳಗೂ ಹೆಸರು ಹಾಕಿದವರಲ್ಲ. ಹಾಕಿದರೆ ಮಂದಿ ಮೊದಲು ಅದನ್ನೇ ಓದುತ್ತಾರೆ, ಓದಿದ ಮೇಲೆ ಚಿತ್ರ ನೋಡಿದಷ್ಟೇ ಸಮಾಧಾನ ಮಾಡಿಕೊಂಡು ಹೋಗಿಬಿಡುತ್ತಾರೆ ಎನ್ನುವುದು ಅವರ ದೂರು.

ಎತ್ತರದ, ತೆಳ್ಳನೆಯ ಹೆಂಗಸು. ತುರುಬಿನಲ್ಲಿ ಹೂವಿನ ಬದಲು ಪೆನ್ಸಿಲ್ ಇರುತ್ತಿತ್ತು. ಸೀರೆಯ ಸೆರಗು ಹೊರಗಿನಿಂದ ಇಸ್ತ್ರಿ ಮಾಡಿದಂತೆ ಚೊಕ್ಕ, ಒಳಮಗ್ಗಲು ಪೂರ್ತಿ ಬಣ್ಣದ ಬೆರಳಿನ ಗುರುತು. ಬಾಯಲ್ಲಿ ಸದಾ ಒಂದು ಲವಂಗ. ಅದು ಈ ದವಡೆಯಿಂದ ಆ ದವಡೆಗೆ ಓಡಾಡುತ್ತಿದ್ದರೆ ಅವರು ಖುಷಿಯಲ್ಲಿದ್ದಾರೆ ಎಂದು ಲೆಕ್ಕ.

ಅವರ ಅಪ್ಪ ಬಳೆಗಾರರು. ಸೈಕಲ್ಲಿನ ಮೇಲೆ ಬಳೆಯ ಮಲಾರ ಕಟ್ಟಿಕೊಂಡು ಅಬ್ಬಿಗೇರಿ, ಲಕ್ಕಲಕಟ್ಟಿ ಎಂದು ಊರೂರು ತಿರುಗುತ್ತಿದ್ದರು. ಸೂಟಿಯ ದಿನ ಮಗಳು ಮುಂದಿನ ದಂಡಿಗೆಯ ಮೇಲೆ. ಬಾಗಿಲ ಹಿಂದಿನಿಂದ ಒಂದು ಕೈ ಮಾತ್ರ ಹೊರಗೆ ಬರುತ್ತಿತ್ತಂತೆ. ಮುಖ ಕಾಣದ ಆ ಕೈ ನೋಡಿಯೇ ಅಪ್ಪ ಮನೆಯ ಸೊಸೆ ಯಾರು, ಮಗಳು ಯಾರು, ಯಾರಿಗೆ ಎಷ್ಟು ಅಳತೆ ಎಂದು ಹೇಳಿಬಿಡುತ್ತಿದ್ದರಂತೆ. ಹಾಗಾಗಿ ಅಕ್ಕೋರಿಗೂ ಮಾತಾಡುವಾಗ ಎದುರಿನವರ ಕೈ ನೋಡುವ ಚಟ. ನಾನು ಮದುವೆಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ನನ್ನ ಬಲಗೈ ಹಿಡಿದು, ನಡುಬೆರಳಿನ ಮೇಲೆ ಪೆನ್ನು ಒತ್ತಿ ಆಗಿದ್ದ ಗಂಟನ್ನು ಹೆಬ್ಬೆರಳಿನಿಂದ ಸವರಿ, "ಭಾಳ ಬರದೀಯಲ್ಲ ತಂಗಿ. ಈಗ ಬಿಟ್ಟಂಗ ಕಾಣತೈತಿ" ಎಂದಿದ್ದರು. ಆ ಗಂಟು ಕರಗುತ್ತಿರುವುದನ್ನು ನನ್ನ ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಅಂದಿನಿಂದ ನಾನು ಅವರಿಗೆ ಕಾನ್ವೆಂಟವ್ವ. ನಾನು ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು, ಡಬ್ಬಿಗಳಿಗೆ ಚೀಟಿ ಅಂಟಿಸುವವಳು, ಕರವಸ್ತ್ರದ ನಾಲ್ಕೂ ಮೂಲೆ ಸಮ ಮಾಡಿ ಮಡಚುವವಳು. ಅವರಿಗೆ ಅದೆಲ್ಲ ನಗೆ. ಅವರ ಮನೆಯಲ್ಲಿ ಸಕ್ಕರೆ ಡಬ್ಬಿಯಲ್ಲಿ ಇದ್ದಿಲು, ಇದ್ದಿಲಿನ ಡಬ್ಬಿಯಲ್ಲಿ ಸಕ್ಕರೆ. ಒಮ್ಮೆ ನಾನು ಇದ್ದಿಲಿನ ಚಹಾ ಕುಡಿಯುವುದು ಸ್ವಲ್ಪದರಲ್ಲಿ ತಪ್ಪಿತು, ಅಷ್ಟೆ.

ಸಾಲಿಯ ಗ್ಯಾದರಿಂಗ್ ಬಂತೆಂದರೆ ಭಾವೈಕ್ಯತೆಯ ಪೋಸ್ಟರ್ ಬರೆಯುವುದು ಅವರ ಪಾಲಿಗೆ. ಒಂದು ಗುಡಿ, ಒಂದು ಮಸೀದಿ, ಒಂದು ಚರ್ಚು, ಹಿಂದೆ ಸೂರ್ಯ. ಪ್ರತಿ ವರ್ಷ ಅದೇ. ಬರೆದು ಬಂದ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಕಾಲು ಚಾಚಿ, "ಮೂರೂ ಬಾಜೂ ಬಾಜೂ ನಿಂದರತಾವ ನೋಡು, ಪಾಸ್‌ಪೋರ್ಟ್ ಫೋಟೋಕ್ಕ ನಿಂತಂಗ. ಒಬ್ರ ಮಾರಿ ಒಬ್ರು ನೋಡಂಗಿಲ್ಲ" ಎನ್ನುತ್ತಿದ್ದರು. ಬರೆಯುವುದಿಲ್ಲ ಎಂದು ಮಾತ್ರ ಎಂದೂ ಹೆಡ್‌ಮಾಸ್ತರಿಗೆ ಹೇಳಿದವರಲ್ಲ. ಹೇಳಿದ ಕೆಲಸ ನೀಟಾಗಿ ಮಾಡಿ ಆಮೇಲೆ ಬೈಯುವುದು ಅವರ ಪದ್ಧತಿ.

ಜಯಂತಿಗಳ ದಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡವರ ಮುಖ ಬರೆಯುತ್ತಿದ್ದರು. ಮರುದಿನ ಗಣಿತದ ಪಿರಿಯಡ್ಡಿಗೆ ಅದನ್ನು ಒರೆಸಲೇಬೇಕು. ಹುಡುಗಿಯರು ಅಯ್ಯೋ ಎನ್ನುವಾಗ ಡಸ್ಟರ್ ತೆಗೆದು ಇವರೇ ಅವರ ಕೈಗೆ ಕೊಡುತ್ತಿದ್ದರಂತೆ. ನೌಕರಿಯುದ್ದಕ್ಕೂ ಬರೆದದ್ದೆಲ್ಲ ಹಾಗೆ ಹೋಯಿತು. ಆದರೂ ಅವರಿಗೆ ಒಂದೇ ಒಂದು ಆಸೆ ಇತ್ತು. ಅದನ್ನು ಹೇಳುವಾಗ ಲವಂಗ ಒಂದೇ ದವಡೆಯಲ್ಲಿ ನಿಲ್ಲುತ್ತಿತ್ತು.

ಗಜೇಂದ್ರಗಡದ ದಾರಿಯಲ್ಲಿ ಒಂದು ಹಳ್ಳಿ, ಆ ಹಳ್ಳಿಯಲ್ಲಿ ಒಂದು ಮಠ. ಮಠಕ್ಕಿಂತ ಅದರ ಮುಂದಿನ ಕಲ್ಲಿನ ಪಡಸಾಲೆ ಹಳೆಯದು, ಯಾವ ರಾಜರ ಕಾಲದ ಗುಡಿಯೋ ಏನೋ. ಎದುರಿಗೆ ಬೇವಿನ ಗಿಡದ ಕೆಳಗೆ ಅಲಾಯಿ ಕುಣಿ. ಮೊಹರಂನಲ್ಲಿ ಆ ಗುಂಡಿಗೆ ಬೆಂಕಿ ಬಿದ್ದಾಗ ಮಠದ ಒಕ್ಕಲಿನವರೇ ಕಟ್ಟಿಗೆ ತಂದು ಹಾಕುತ್ತಾರೆ. ಅಮಾವಾಸ್ಯೆಗೆ ಅಲ್ಲಿ ದಾಸೋಹ. ಜನ ಸೇರುವಲ್ಲಿ ಬಳೆಗಾರ ಇರಬೇಕಲ್ಲ, ಅಪ್ಪ ಜಗಲಿಯ ಮೇಲೆ ಬಳೆ ಹರವಿದರೆ ಮಗಳು ಪಡಸಾಲೆಯೊಳಗೆ ನುಸುಳಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗುತ್ತಿದ್ದಳು. ಕರಿಯ ನುಣುಪಾದ ಕಲ್ಲು, ಬೇಸಿಗೆಯಲ್ಲೂ ತಣ್ಣಗೆ. ಅದು ಒಂದು ದೊಡ್ಡ ಪಾಟಿ, ಇನ್ನೂ ಯಾರೂ ಅದರ ಮೇಲೆ ಏನೂ ಬರೆದಿಲ್ಲ ಎಂದು ಆಗಲೇ ಅನ್ನಿಸಿತ್ತಂತೆ. ರಿಟೈರ್ ಆದ ಮೇಲೆ ಅದೇ ಮಾತು ಮತ್ತೆ ಮತ್ತೆ. "ಅದರ ಮ್ಯಾಲೆ ಒಂದು ಚಿತ್ರ ಹಾಕಬೇಕು. ಮುಂಜಾನಿಂದ ಸಂಜಿತನಕ ಇರಬೇಕು ಅದು. ಯಾರೂ ಒರಸಬಾರದು. ನಾ ಒಂದು ಕಂಬಕ್ಕ ಆತುಕೊಂಡು ಕುಂತು ನೋಡಬೇಕು."

ಏನು ಬರೆಯಬೇಕು, ಯಾತರಿಂದ ಬರೆಯಬೇಕು ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಅದಕ್ಕೆ ನೆಪ ನನ್ನ ಒಂದು ಹುಚ್ಚು ಮಾತು. ಕಾನ್ವೆಂಟಿನಲ್ಲಿ ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ದಿನ ಫಾದರ್ ಬಂದು ಕ್ರೈಸ್ತ ಹುಡುಗಿಯರ ಹಣೆಗೆ ಬೂದಿಯಲ್ಲಿ ಶಿಲುಬೆ ಬರೆಯುತ್ತಿದ್ದರು. ಸಣ್ಣವಳಿದ್ದ ನಾನು ವಿಭೂತಿ ಹಚ್ಚುತ್ತಿದ್ದಾರೆಂದು ತಿಳಿದು ಸಾಲಿನಲ್ಲಿ ನಿಂತುಬಿಟ್ಟೆ. ಅವರೂ ಹಚ್ಚಿದರು. ಮನೆಗೆ ಬಂದರೆ ಅವ್ವ, ಯಾರು ಇಷ್ಟು ಸೊಟ್ಟ ಹಚ್ಯಾರ ಎಂದು ಗೊಣಗುತ್ತ ಸೆರಗಿನಿಂದ ಒರೆಸಿ ಮೂರು ಬೆರಳು ನೆಟ್ಟಗೆ ಎಳೆದಳು. ಇದನ್ನು ಹೇಳಿದಾಗ ಅಕ್ಕೋರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. "ಅವರು ಏನ್ ಸುಡತಾರ?" ಎಂದರು. ಹಿಂದಿನ ವರ್ಷದ ಒಣಗಿದ ತಾಳೆಗರಿ ಎಂದೆ. "ನೀವು ಕುಳ್ಳು ಸುಡತೀರಿ. ನಮ್ಮ ಕುಣ್ಯಾಗ ಬೇವು, ಜಾಲಿ" ಎಂದು ಎದ್ದು ಹೋದವರು ಎರಡು ದಿನ ನನ್ನ ಕಡೆ ಬರಲಿಲ್ಲ.

ಮೂರೂ ಕಡೆಯ ಬೂದಿ ತರಿಸಿದ್ದು ಹೀಗೆ. ವಿಭೂತಿ ಮಠದ್ದೇ. ಕುಣಿಯ ಬೂದಿಯನ್ನು ಅದನ್ನು ನೋಡಿಕೊಳ್ಳುವ ಮುಜಾವರರು ತಗಡಿನ ಡಬ್ಬಿಯಲ್ಲಿ ತುಂಬಿ ಮುಚ್ಚಳಕ್ಕೆ ದಾರ ಸುತ್ತಿ ಕೊಟ್ಟರು. ನನಗೆ ಕಸೂತಿ ಕಲಿಸಿದ ಮುದುಕಿ ಸಿಸ್ಟರ್‌ಗೆ ನಾನು ಫೋನ್ ಮಾಡಿದೆ. ಅವರು ಯಾಕೆ ಎಂದೂ ಕೇಳದೆ ಪೆಪ್ಪರಮಿಂಟಿನ ಡಬ್ಬಿಯಲ್ಲಿ ಒಂದು ಹಿಡಿ ಕಳಿಸಿದರು. ವಿಭೂತಿ ಹಾಲಿನಂತೆ ಬಿಳಿ, ಕುಣಿಯದ್ದು ಪಾರಿವಾಳದ ಬಣ್ಣ, ತಾಳೆಗರಿಯದ್ದು ಹೆಚ್ಚುಕಡಿಮೆ ಕಪ್ಪು. ಮೂರನ್ನೂ ನಮ್ಮ ಮಾಳಿಗೆಯ ಮೇಲೆ ನನ್ನ ಜೋಳದ ಹಿಟ್ಟಿನ ಸಾಣಿಗೆಯಲ್ಲಿ ಸೋಸಿ ಬೆರೆಸಿದರು. ಆ ಸಾಣಿಗೆ ತಿರುಗಿ ಅಡುಗೆಮನೆಗೆ ಬರಲಿಲ್ಲ.

ಬೆರೆಸುವುದೇ ತಕರಾರಾಯಿತು. ಮಠದ ಪಂಚರಲ್ಲಿ ಒಬ್ಬರು ಕಾಳಿನ ವ್ಯಾಪಾರದ ಸಾವಕಾರರು. ಕೆಟ್ಟವರಲ್ಲ, ಎಲ್ಲವನ್ನೂ ಬೇರೆ ಬೇರೆ ಚೀಲದಲ್ಲಿಟ್ಟು ರೂಢಿ. ಚಿತ್ರ ಹಾಕಲಿ, ಆದರೆ ಮೂರು ಕಡೆ ಮೂರು ಹಾಕಲಿ, ಬೆರೆಸುವುದು ಏಕೆ ಎಂದರು. ಅಕ್ಕೋರಿಗೆ ಅದು ಮತ್ತೆ ಪಾಸ್‌ಪೋರ್ಟ್ ಫೋಟೋ. ಆಗುವುದಿಲ್ಲ ಎಂದರು. ಮಠದ ಸ್ವಾಮಿಗಳಾದ ಅಜ್ಜಾರು ಇಬ್ಬರ ಮಾತೂ ಕೇಳಿ, ನೆಲಕ್ಕೆ ಕಲೆ ಉಳಿಯುತ್ತದೆಯೇ ಎಂದಷ್ಟೇ ವಿಚಾರಿಸಿದರು. ಉಳಿಯುವುದಿಲ್ಲ ಎಂದ ಮೇಲೆ ಒಂದು ಕರಾರು ಹಾಕಿದರು. "ಹಾಕ್ರಿ ಅಕ್ಕೋರ. ಆದ್ರ ಬಂದವರಾಗ ಒಬ್ರು ಬ್ಯಾಡ ಅಂದ್ರೂ ನೀವ ಕಸಬರಿಗಿ ಹಿಡದು ಬಳೀಬೇಕು. ಇನ್ನೊಬ್ರ ಕೈಲೆ ಬಳಸಂಗಿಲ್ಲ."

ಅಕ್ಕೋರು ಒಪ್ಪಿದರು. ಅಮಾವಾಸ್ಯೆಯ ಹಿಂದಿನ ದಿನ ಮನೆಯಿಂದ ಹೊಸ ಕಸಬರಿಗೆಯೊಂದನ್ನು ತಾವೇ ತಂದು ಕಂಬಕ್ಕೆ ಒರಗಿಸಿಟ್ಟರು.

ನಮ್ಮ ಕಡೆಯ ಗಾಳಿ ಗೊತ್ತಿದ್ದವರು ಬೂದಿಯಲ್ಲಿ ಚಿತ್ರ ಬರೆಯುವುದಿಲ್ಲ. ಈ ಗಾಳಿಗೆಂದೇ ಗುಡ್ಡದ ಮೇಲೆಲ್ಲ ಮುಗಿಲಿಗೆ ಮುಟ್ಟುವ, ಕರೆಂಟು ಮಾಡುವ ಫಂಕಾ ನಿಲ್ಲಿಸಿದ್ದಾರೆ. ಪಡಸಾಲೆಯ ಬಾಯಿಗೆಲ್ಲ ಗೋಣಿ ತಟ್ಟು ತೊಯಿಸಿ ಕಟ್ಟಿದೆವು. ನಾನು ನೀರು ಚಿಮುಕಿಸುವವಳು. ದಾಸೋಹಕ್ಕೆ ಅಕ್ಕಿ, ಬೇಳೆ ಆರಿಸಲು ಬಂದ ಹೆಂಗಸರನ್ನು ಅಕ್ಕೋರು ಒಬ್ಬೊಬ್ಬರಾಗಿ ಕರೆದರು. ನೆಲದ ಮೇಲೆ ಅಂಗೈ ಊರಿ ಇಡಬೇಕು, ಅಲ್ಲಾಡಬಾರದು. ಮೇಲಿನಿಂದ ಸಾಣಿಗೆ ತಟ್ಟುತ್ತಾರೆ. ಕೈ ಎತ್ತಿದರೆ ಸುತ್ತ ಬೂದಿ, ನಡುವೆ ಕರಿಯ ಕಲ್ಲಿನ ಕೈ. ಮೊದಮೊದಲು ಹೆಂಗಸರು ನಾಚಿ, ಒಬ್ಬರನ್ನೊಬ್ಬರು ಮುಂದೆ ದಬ್ಬಿ, ಆಮೇಲೆ ನನ್ನದೂ ಹಾಕ್ರಿ ಎಂದು ಸಾಲು ಹಚ್ಚಿದರು. ಅಬ್ಬಿಗೇರಿಯ ಒಬ್ಬಾಕೆಗೆ ಕುಡಗೋಲು ತಾಗಿ ತೋರುಬೆರಳು ಅರ್ಧ ಹೋಗಿತ್ತು. ಅವಳು ಎಡಗೈ ಇಡುತ್ತೇನೆ ಎಂದಳು. ಅಕ್ಕೋರು ಬಲಗೈಯನ್ನೇ ಹಿಡಿದು, "ಎಲ್ಲಾ ಒಂದಾ ನಮೂನಿ ಇದ್ರ ಇದು ಕೈಯೋ ಅಚ್ಚೋ? ಇಡು ಇಲ್ಲೆ, ನಡುವ" ಎಂದರು. ಸಾವಕಾರರ ತಾಯಿ, ಸೊಟ್ಟ ಕಿರುಬೆರಳಿನ ಮುದುಕಿ, ತಾನೇ ಬಂದು ಕೈ ಇಟ್ಟು ಹೋದಳು. ನನ್ನ ಕೈಯೂ ಇತ್ತು, ಬಾಗಿಲ ಬಲಕ್ಕೆ. ಅಕ್ಕೋರ ಕೈ ಇರಲಿಲ್ಲ. ಸಾಣಿಗೆ ಹಿಡಿದವರ ಕೈ ಹೇಗೆ ಬರುತ್ತದೆ?

ಬೆಳಿಗ್ಗೆ ಗೋಣಿ ತಟ್ಟಿನ ಸಂದಿಯಿಂದ ಬಿಸಿಲು ಬಿದ್ದಾಗ ನೋಡಿದೆ. ನೆಲದ ತುಂಬ ಕೈ. ಬೇಡುವ ಕೈ ಅಲ್ಲ, ಆಶೀರ್ವಾದ ಮಾಡುವ ಕೈಯೂ ಅಲ್ಲ, ರೊಟ್ಟಿ ಬಡಿಯಲು ಹಿಟ್ಟಿನ ಮೇಲೆ ಇಟ್ಟಂಥ ಕೈ. ಅಂಗೈಯ ಮೇಲೆ ಲಿಂಗ ಇಟ್ಟು ಪೂಜಿಸುವವರು ಅದರಲ್ಲಿ ಅದನ್ನು ಕಾಣಬಹುದಿತ್ತು, ಮೊಹರಂನಲ್ಲಿ ಕೈಯಾಕಾರದ ಪಂಜಾ ಹೊರುವವರು ಪಂಜಾ ಕಾಣಬಹುದಿತ್ತು. ಅಕ್ಕೋರು ಅದೊಂದನ್ನೂ ಬಾಯಿಬಿಟ್ಟು ಹೇಳಲಿಲ್ಲ. ಕಸಬರಿಗೆಯ ಪಕ್ಕದಲ್ಲಿ ಕಂಬಕ್ಕೆ ಆತು ಕುಳಿತರು. ಲವಂಗ ಓಡಾಡುತ್ತಿತ್ತು. ಧಾರವಾಡದಿಂದ ಚಿತ್ರಕಲೆಯ ಮೂವರು ನೋಡಲು ಬರುವವರಿದ್ದರು. ಆದರೆ ಆ ಹೊತ್ತಿಗೆ ಅವರ ನೆನಪೂ ಇದ್ದಂತಿರಲಿಲ್ಲ.

ಮೊದಲು ಬಂದವಳು ಸಾವಕಾರರ ತಾಯಿ. ಗೋಡೆ ಹಿಡಿದು ಅಂಚಿನಲ್ಲಿ ನಡೆದು ತನ್ನ ಸೊಟ್ಟ ಬೆರಳು ಹುಡುಕಿದಳು. ಸಿಕ್ಕಿತು. ಅಲ್ಲಿಯೇ ಕುಕ್ಕರಿಸಿ ತನ್ನ ಕೈಯನ್ನು ಆ ಕೈಯೊಳಗೆ ಇಟ್ಟು ನೋಡಿದಳು. ಆಮೇಲೆ ಬೆರಳ ಸಂದಿಯ ಬೂದಿಯನ್ನು ಸವರಿ ತೆಗೆದು ಹಣೆಗೆ ಮೂರು ಗೆರೆ ಎಳೆದುಕೊಂಡಳು. ಉಳಿದ ಚಿಟಿಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

ನಾನು ತಡೆಯಲು ಎದ್ದೆ. ಅಕ್ಕೋರು ನನ್ನ ಮಣಿಕಟ್ಟು ಹಿಡಿದರು, ಬಳೆ ಚರ್ಮಕ್ಕೆ ಒತ್ತುವಷ್ಟು ಬಿಗಿಯಾಗಿ. ಅವರ ಬಾಯಿ ನೋಡಿದೆ. ಲವಂಗ ನಿಂತಿತ್ತು.

ಅವಳ ಹಿಂದೆ ಬಂದವರೂ ಅದನ್ನೇ ಮಾಡಿದರು. ಅವರನ್ನು ಬೈಯುವುದು ಹೇಗೆ? ಮಠದ ನೆಲದ ಮೇಲೆ ಬೂದಿ ಕಂಡರೆ ನಮ್ಮ ಮಂದಿಗೆ ಅದನ್ನು ಬರೇ ನೋಡಿ ಬರುವುದು ಗೊತ್ತಿಲ್ಲ. ಒಬ್ಬಾಕೆ ತನ್ನ ಕೈಯ ಸುತ್ತಿನದು, ಒಬ್ಬಾಕೆ ಗೆಳತಿಯ ಕೈಯ ಸುತ್ತಿನದು. ಕುಣಿಯ ಕಡೆಯಿಂದ ಬಂದ ಹೆಂಗಸರು ಗಂಟಲಿಗೆ ಸವರಿಕೊಂಡರು, ಕೂಸುಗಳ ಕಿವಿಯ ಹಿಂದೆ ಹಚ್ಚಿದರು. ಕೈಗಳು ಒಂದೊಂದಾಗಿ ಕಲ್ಲಿನೊಳಗೆ ಹೋದವು. "ಸಂಜಿತನಕ ಇರಲಿ ಅಂದಿದ್ದೆ" ಎಂದರು ಅಕ್ಕೋರು, ನನಗಲ್ಲ, ಕಂಬಕ್ಕೆ. ಅವರ ಕಣ್ಣು ಒದ್ದೆಯಾಗಿತ್ತು. ಆದರೂ ಅಲ್ಲಿಂದ ಏಳಲಿಲ್ಲ, ಒಂದು ಕೈ ಹೋಗುವುದನ್ನೂ ತಪ್ಪಿಸಿಕೊಳ್ಳದೆ ನೋಡಿದರು.

ಸಾವಕಾರರು ಬಂದಾಗ ಇನ್ನೂ ಅರ್ಧ ಉಳಿದಿತ್ತು. ಅವರು ಬಾಗಿಲಲ್ಲೇ ನಿಂತು ನೆಲ ನೋಡಿದರು, ಕಸಬರಿಗೆ ನೋಡಿದರು. "ಇದರಾಗ ನಮ್ಮದು ಯಾವುದ್ರಿ?" ಎಂದರು.

ಅಕ್ಕೋರು ಎದ್ದು ಕಸಬರಿಗೆ ಕೈಗೆ ತೆಗೆದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆರಿಸಿ ಕೊಡಾಕ ಬರಂಗಿಲ್ರಿ ಸಾವಕಾರ್ರ. ಬ್ಯಾಡ ಅಂತ ಒಂದು ಮಾತು ಅನ್ರಿ, ಈಗ ಬಳೀತೀನಿ."

ಅವರು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಅವರ ತಾಯಿ ಮಾತಾಡಿದಳು. "ಏನ್ ನಿಂತು ನೋಡತಿ? ಚಪ್ಪಲ್ ಹೊರಗ ಬಿಟ್ಟಿ ಇಲ್ಲೋ? ನನ್ನ ಕೈ ಅಲ್ಲೇ ಐತಿ, ತುಳದಿ ಮತ್ತ."

ಅವರು ತಾಯಿಯ ಹಣೆ ನೋಡಿದರು. ನಾನೂ ನೋಡಿದೆ. ಬಿಳಿಯೂ ಅಲ್ಲದ, ಕಪ್ಪೂ ಅಲ್ಲದ ಮೂರು ಗೆರೆ, ನಡುವಿನದು ಸ್ವಲ್ಪ ಸೊಟ್ಟ. ಸಾವಕಾರರು ಹಿಂದೆ ಸರಿದು, ಚಿತ್ರದ ಅಂಚು ತುಳಿಯದಂತೆ ಸುತ್ತುಹಾಕಿ ಹೋಗುತ್ತ, ಊಟಕ್ಕೆ ಬಡಿಸಿದ್ದಾರೇನು ಎಂದು ಯಾರನ್ನೋ ಕೇಳಿದರು. ಆಮೇಲೆ ಪಂಕ್ತಿಯಲ್ಲಿ ಅವರಿಗೆ ಗೋಧಿ ಹುಗ್ಗಿ ಬಡಿಸುವಾಗ ನೋಡಿದೆ, ಹುಬ್ಬಿನ ಮೇಲೆ ಒಂದು ಬೂದಿಯ ಗೆರೆ ಇತ್ತು. ತಾಯಿಯೇ ಹಚ್ಚಿರಬೇಕು. ಬೆವರಿನಲ್ಲಿ ಅರ್ಧ ಇಳಿದಿದ್ದರೂ ಒರೆಸಿಕೊಂಡಿರಲಿಲ್ಲ.

ಧಾರವಾಡದವರು ನರಗುಂದದಲ್ಲಿ ಗಿರಮಿಟ್ಟು, ಮಿರ್ಚಿ ತಿನ್ನುತ್ತ ಗುಡ್ಡ ನೋಡುತ್ತ ತಡಮಾಡಿ ಊಟದ ಹೊತ್ತಿಗೆ ಬಂದರು. ನೆಲದ ಮೇಲೆ ಕಂಬಗಳ ಬುಡದಲ್ಲಿ ಒಂದಿಷ್ಟು ಬೂದಿ ಮಾತ್ರ. ಅವರಲ್ಲಿ ಕ್ಯಾಮೆರಾ ತಂದಿದ್ದ ಹುಡುಗಿ, ಚಿತ್ರ ಎಲ್ಲಿ ಎಂದು ಕೇಳಿದಳು. ನಾನು ಅಕ್ಕೋರಿಗಿಂತ ಹೆಚ್ಚು ಹೆದರಿದ್ದೆ. ಆಗ ಅವರು ಗೋಣಿ ತಟ್ಟು ಸರಿಸಿ, ಅಂಗಳದಲ್ಲಿ ಉದ್ದಕ್ಕೆ ಕುಳಿತ ಪಂಕ್ತಿ ತೋರಿಸಿದರು. "ಅಲ್ಲೇ ಐತಿ ನೋಡ್ರಿ. ಊಟಕ್ಕ ಕುಂತೈತಿ."

ಹಣೆ ಹಣೆಯ ಮೇಲೂ ಅದಿತ್ತು. ಒಬ್ಬೊಬ್ಬರದು ಒಂದೊಂದು ನಮೂನೆ. ಆ ಹುಡುಗಿ ಕ್ಯಾಮೆರಾ ಎತ್ತಲಿಲ್ಲ, ಎಲೆಯ ಮುಂದೆ ಹೋಗಿ ಕುಳಿತಳು. ಚಿತ್ರ ಪೂರ್ತಿ ಇದ್ದಾಗಿನ ಒಂದೇ ಒಂದು ಫೋಟೋ ನನ್ನ ಮೊಬೈಲಿನಲ್ಲಿದೆ. ಅದರಲ್ಲೂ ಅರ್ಧ ನನ್ನದೇ ಹೆಬ್ಬೆರಳು.

ಸಂಜೆ ಅಜ್ಜಾರು ಬಂದು ಖಾಲಿ ನೆಲ ನೋಡಿ, ಕಸಬರಿಗಿ ಹಿಡದ್ರೇನು ಎಂದು ಕೇಳಿದರು. "ಹಿಡದೆರಿ ಅಜ್ಜಾರ. ಬಳಿಯಾಕ ಏನೂ ಉಳೀಲಿಲ್ಲ" ಎಂದರು ಅಕ್ಕೋರು. ಲವಂಗ ಮತ್ತೆ ಓಡಾಡುತ್ತಿತ್ತು.

ಅಲ್ಲಿಂದ ಶುರುವಾಯಿತು ಬೂದಿಯ ಕಾಟ. ಜ್ವರ ಬಂದ ಕೂಸು, ಹಾಲು ಬತ್ತಿದ ಎಮ್ಮೆ, ಪರೀಕ್ಷೆ, ಎಲ್ಲದಕ್ಕೂ ಅಕ್ಕೋರ ಬೂದಿ ಬೇಕು. ಚಿತ್ರಕ್ಕೆ ತಂದದ್ದು ಅದು, ಔಷಧ ಅಲ್ಲ ಎಂದು ಅವರು ಕೂಗಿ ಹೇಳಿದರೂ ಯಾರು ಕೇಳುತ್ತಾರೆ? ಬೂದಿ ತೀರಿದೆ ಎಂದರೂ ಬಂದವರು ಏಳುತ್ತಿರಲಿಲ್ಲ. ಕಡೆಗೆ ಅವರೊಂದು ದಾರಿ ಹುಡುಕಿದರು. ತುರುಬಿನ ಪೆನ್ಸಿಲ್ ತೆಗೆದು, ಕೂಸಿನ ಕೈಯನ್ನು ಕಾಗದದ ಮೇಲೆ ಇರಿಸಿ ಸುತ್ತ ಗೆರೆ ಎಳೆದು ಕೊಡುವರು. ಇದನ್ನು ಮನೆಯಲ್ಲಿ ಗೋಡೆಗೆ ಹಚ್ಚಿ, ಜ್ವರಕ್ಕೆ ಮಾತ್ರ ಸೀದಾ ದವಾಖಾನೆಗೆ ಹೋಗಿ ಎಂದು ಗದರಿಸುವರು. ಮೆಣಸಗಿಗೆ ಹೊಳೆಯ ನೀರು ನುಗ್ಗಿದ ವರ್ಷ ಒಬ್ಬ ತಾಯಿ ಮತ್ತೆ ಬಂದಿದ್ದಳು, ಗೋಡೆಯ ಕೈ ನೀರಿನಲ್ಲಿ ಹೋಯಿತು, ಇನ್ನೊಂದು ಬರೆದುಕೊಡ್ರಿ ಎಂದು. ಹೊಸದು ಬರೆದು, ನೋಡು, ಕೈ ದೊಡ್ಡದಾಗೈತಿ ಎಂದು ಅವಳಿಗೆ ತೋರಿಸಿದರು.

ಚಳಿಗಾಲದಲ್ಲಿ ಹೋದರು. ಬಹಳ ದಿನ ಮಲಗಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ. ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ, ನಾನು ಅವರ ಮನೆಯಲ್ಲೇ ಕುಳಿತಿದ್ದೆ. ಒಳಕೋಣೆಯಲ್ಲಿ ಕುಳಿತ ಹೆಂಗಸರ ನಡುವೆ ಸಾವಕಾರರ ತಾಯಿಯೂ ಇದ್ದಳು. ಸೊಟ್ಟ ಕಿರುಬೆರಳಿನ ಆ ಕೈಯನ್ನು ಅಂಗಾತ ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

ಇವೆಲ್ಲವನ್ನೂ ಮೆಣಸಗಿಯ ಹೆಣ್ಣುಮಗಳಿಗೆ ಹೇಳಲಾಗಲಿಲ್ಲ. ತಂಬಿಗೆ ಕೊಟ್ಟು, ಅಕ್ಕೋರು ತೀರಿಕೊಂಡರು ಎಂದಷ್ಟೇ ಹೇಳಿದೆ. ಅವಳು ನೀರು ಕುಡಿಯಲಿಲ್ಲ. ಕೂಸಿನ ಟೋಪಿ ಸರಿಪಡಿಸಿ ಏಳಲು ಹೋದಳು. ತಾಳು ಎಂದು ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ಸಿಲ್ ತಂದೆ. ಕಟ್ಟೆಯ ಮೇಲೆ ಹಾಳೆ ಹಾಸಿ ಕೂಸಿನ ಕೈಯನ್ನು ಅದರ ಮೇಲೆ ಇರಿಸಿದೆ. ಸುಡುತ್ತಿತ್ತು. ಐದೂ ಬೆರಳು ಐದು ಕಡೆ ಓಡುತ್ತಿದ್ದವು. ನಾಲ್ಕೂ ಮೂಲೆ ಸಮ ಮಾಡುವ ನನ್ನ ಕೈಯಿಂದ ಇಷ್ಟು ಸೊಟ್ಟ ಗೆರೆ ಎಂದೂ ಬಂದಿರಲಿಲ್ಲ.

"ಇದನ್ನ ಗ್ವಾಡಿಗೆ ಹಚ್ಚು" ಎಂದೆ. "ಮೊದಲ ನಡಿ ದವಾಖಾನಿಗೆ. ನಾನೂ ಬರತೀನಿ." ಶೇಂಗಾದ ಮೊರವನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದೆ. ಗೇಟು ಹಾಕುವಾಗ ನೋಡಿಕೊಂಡೆ, ಪೆನ್ಸಿಲ್ ನನ್ನ ತುರುಬಿನಲ್ಲಿತ್ತು.